ಹೆಂಜೇರಿನ ಗುಡಿಗಳು

ಭೂಪಟದಲ್ಲಿ, ಬಸ್ಸಿನ ಫಲಕದಲ್ಲಿ, ಸರ್ಕಾರದ ಕಾಗದಗಳಲ್ಲಿ ಆ ಊರಿನ ಹೆಸರು ಹೇಮಾವತಿ. ಶಾಸನಗಳಲ್ಲಿ ಅದು ಪೆಂಜೇರು; ಅನಂತರ ಹೆಂಜೇರು. ಹೊನ್ನಿನ ಅರ್ಥ ಹೊರುವ ಸಂಸ್ಕೃತದ ಹೆಸರು ತರುವಾಯ ತೊಡಿಸಿದ ಆಭರಣ. ಹಳೆಯ ಹೆಸರಿನ ಮೊದಲಕ್ಷರದಲ್ಲಿಯೇ ಒಂದು ಚರಿತ್ರೆ ಅಡಗಿದೆಯೆಂಬುದನ್ನು ನಮ್ಮ ಸಂಘದ ಬಂಧುಗಳಿಗೆ ವಿವರಿಸಬೇಕಾಗಿಲ್ಲ. ನಮ್ಮ ನೆರೆಮನೆಯ ತೆಲುಗರು ಪಾಲು, ಪುಲಿ, ಪಂದಿ ಎನ್ನುತ್ತಾರೆ; ನಾವು ಹಾಲು, ಹುಲಿ, ಹಂದಿ ಎನ್ನುತ್ತೇವೆ. ಹತ್ತನೆಯ ಶತಮಾನದಿಂದೀಚೆಗೆ ಕನ್ನಡದ ನಾಲಿಗೆಯ ಮೇಲೆ ಪಕಾರವು ಹಕಾರವಾಗುತ್ತ ಬಂದಿತು. ಪೆಂಜೇರು ಹೆಂಜೇರಾದದ್ದು ಅದೇ ಉಸಿರಿನಲ್ಲಿ. ಆ ಊರನ್ನು ದಿನವೂ ಬಾಯಲ್ಲಿ ಕರೆಯುತ್ತಿದ್ದವರು ಯಾರೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿಯನ್ನು ನಾನು ಹುಡುಕಲಾರೆ.

ಹಿಂದೂಪುರದಿಂದ ಹೊರಟವರು ಮಡಕಶಿರಾ ಹಾದು ಪಶ್ಚಿಮಕ್ಕೆ ಸಾಗಬೇಕು. ಕಲ್ಯಾಣದುರ್ಗದವರು ಕುಂದುರ್ಪಿಯ ದಾರಿ ಹಿಡಿದು ಅಮರಾಪುರದ ಕಡೆಗೆ ಇಳಿಯಬೇಕು. ಎರಡೂ ಊರುಗಳಿಂದ ದೂರ ಹೆಚ್ಚುಕಡಿಮೆ ಒಂದೇ. 2022ರ ಏಪ್ರಿಲಿನಲ್ಲಿ ಅನಂತಪುರ ಜಿಲ್ಲೆ ಇಬ್ಭಾಗವಾದಾಗ ಹಿಂದೂಪುರ, ಮಡಕಶಿರಾಗಳು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದವು, ಕಲ್ಯಾಣದುರ್ಗ ಅನಂತಪುರದಲ್ಲಿಯೇ ಉಳಿಯಿತು. ಆದರೆ ಬೀಗತನ, ಕುಲದೈವ, ಜಾತ್ರೆಗಳು ಆ ಗೆರೆಯನ್ನು ಲೆಕ್ಕಿಸುವುದಿಲ್ಲ. ಇನ್ನು ಹೇಮಾವತಿಯಿಂದ ಕರ್ನಾಟಕದ ಶಿರಾ ತಾಲ್ಲೂಕಿನ ಮಾತನ್ನಂತೂ ಆಡುವುದೇ ಬೇಡ. ಒಬ್ಬರ ಹೊಲ ಆಚೆ, ಮನೆ ಈಚೆ.

ನಮ್ಮ ತಾಯಿಯ ತವರಿನವರಿಗೆ ಹೆಂಜೇರಿನ ಸಿದ್ದೇಶ್ವರ ಮನೆದೇವರು. ಅವರಲ್ಲಿ ಯಾರೂ ಅವನನ್ನು ಸಿದ್ದೇಶ್ವರನೆಂದು ಕರೆದದ್ದನ್ನು ನಾನು ಕೇಳಲಿಲ್ಲ. ಹೆಂಜೇರಪ್ಪ ಎನ್ನುತ್ತಿದ್ದರು, ಅವಸರದಲ್ಲಿ ಹೆಂಜಾರಪ್ಪ. ತುಮಕೂರು ಜಿಲ್ಲೆಯ ಉತ್ತರದ ಹಳ್ಳಿಗಳಲ್ಲಿ ಹೆಂಜಾರಪ್ಪ, ಹೆಂಜಾರಯ್ಯ ಎಂಬ ಹೆಸರಿನ ಗಂಡಸರು ಇಂದಿಗೂ ಸಿಗುತ್ತಾರೆ. ಸಾವಿರ ವರ್ಷಗಳ ಹಿಂದಿನ ರಾಜಧಾನಿಯೊಂದು ಪಡಿತರ ಚೀಟಿಯ ಮೇಲೆ ಮನುಷ್ಯರ ಹೆಸರಾಗಿ ಉಳಿದಿರುವುದು ಸಣ್ಣ ಸಂಗತಿಯಲ್ಲ.

ಶಿವರಾತ್ರಿಯ ಜಾತ್ರೆಗೆ ಅಜ್ಜಿ ನಮ್ಮನ್ನು ಕರೆದೊಯ್ಯುತ್ತಿದ್ದರು. ಗರ್ಭಗುಡಿಯೊಳಗೆ ಬೇರೆಡೆಯಂತೆ ಲಿಂಗವಿಲ್ಲ. ಕರಿಕಲ್ಲಿನಲ್ಲಿ ಕೆತ್ತಿದ ಶಿವನು ಮನುಷ್ಯಾಕೃತಿಯಲ್ಲಿ ಕುಳಿತಿದ್ದಾನೆ. ಮೂಲಸ್ಥಾನದಲ್ಲಿ ಮೂರ್ತಿರೂಪದ ಶಿವನಿಗೆ ನಿತ್ಯಪೂಜೆ ಸಲ್ಲುವುದು ನಮ್ಮ ನಾಡಿನಲ್ಲಿ ತೀರ ಅಪರೂಪ. ಪಂಡಿತರು ಇದನ್ನು ಚರ್ಚಿಸುತ್ತಾರೆ. ಅಜ್ಜಿಗೆ ಅದು ಚರ್ಚೆಯ ವಿಷಯವಾಗಿರಲಿಲ್ಲ. "ಎದುರಿಗೆ ಕೂತವ್ನೆ, ಮುಖ ನೋಡಿ ಮಾತಾಡಬಹುದು" ಎನ್ನುತ್ತಿದ್ದರು. ಹಾಗೆಯೇ ಮಾತಾಡುತ್ತಿದ್ದರು ಕೂಡ. ಮಳೆ, ಕಡಲೆಕಾಯಿ, ಮಗಳ ಬಾಣಂತನ, ಕೋರ್ಟಿನಲ್ಲಿದ್ದ ಒಂದು ಗದ್ದೆ, ಇವೆಲ್ಲವೂ ಆ ಮಾತಿನಲ್ಲಿ ಬರುತ್ತಿದ್ದವು. ಹಿಂದೆ ನಿಂತ ಸಾಲು ಬೇಸರದಿಂದ ಗೊಣಗಿದರೂ ಅವರು ಮಾತು ಮುಗಿಸದೆ ಸರಿಯುತ್ತಿರಲಿಲ್ಲ.

ಈ ಗುಡಿಗಳನ್ನು ಕಟ್ಟಿಸಿದವರು ನೊಳಂಬರು. ಕಂಚಿಯ ಪಲ್ಲವರ ವಂಶದವರೆಂದು ಹೇಳಿಕೊಂಡ ಈ ಅರಸರು ಎಂಟನೆಯ ಶತಮಾನದಿಂದ ಹನ್ನೊಂದನೆಯ ಶತಮಾನದವರೆಗೆ ನೊಳಂಬವಾಡಿ ಮೂವತ್ತೆರಡು ಸಾಸಿರವನ್ನು ಆಳಿದರು. ಇಂದಿನ ಚಿತ್ರದುರ್ಗ, ತುಮಕೂರು, ಕೋಲಾರ, ಅನಂತಪುರಗಳ ಬಹುಭಾಗ ಆ ನಾಡಿನೊಳಗಿತ್ತು. ಹೆಂಜೇರಿನ ಕಂಬಶಾಸನವೊಂದು ಅವರ ವಂಶಾವಳಿಯನ್ನು ಕೊಡುತ್ತದೆ: ತ್ರಿನಯನ ಪಲ್ಲವನಿಂದ ಮೊದಲ್ಗೊಂಡು ಮಂಗಳ, ಸಿಂಹಪೋತ, ಚಾರುಪೊನ್ನೇರ, ಪೊಳಲ್ಚೋರ, ಮಹೇಂದ್ರ, ಅಯ್ಯಪದೇವ ಹೀಗೆ. ಮುಂದೆ ಬರುವ ದಿಲೀಪನಿಗೆ ಇಱಿವ ನೊಳಂಬನೆಂಬ ಬಿರುದು. ಇಱಿವ ಎಂದರೆ ಇರಿಯುವವನು. ಆ ಪದದ ನಡುವಿನ ಶಕಟರೇಫವನ್ನು ಕಂಡರೆ ನಮ್ಮ ಮಕ್ಕಳಿರಲಿ, ನಮ್ಮಲ್ಲಿಯೇ ಅನೇಕರು ತಡವರಿಸುತ್ತೇವೆ.

ರಾಜಕೀಯದ ಕಥೆಯನ್ನು ಇಲ್ಲಿ ಬೆಳೆಸುವುದಿಲ್ಲ. ಗಂಗರೊಡನೆ, ರಾಷ್ಟ್ರಕೂಟರೊಡನೆ ಕೆಲವೊಮ್ಮೆ ನಂಟು, ಕೆಲವೊಮ್ಮೆ ಕಾಳಗ. ಬೇಗೂರಿನ ಪ್ರಸಿದ್ಧ ವೀರಗಲ್ಲು ಅಯ್ಯಪದೇವನ ನೆರವಿಗೆ ಹೋಗಿ ತುಂಬೆಪಾಡಿಯಲ್ಲಿ ಮಡಿದ ನಾಗತ್ತರನದು. ಹತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಗಂಗರ ಮಾರಸಿಂಹನು ನೊಳಂಬಕುಲಾಂತಕನೆಂದು ಬಿರುದು ಧರಿಸಿದನು. ಕುಲವು ಅಲ್ಲಿಗೇ ಅಂತ್ಯವಾಗಲಿಲ್ಲ. ಬಿರುದುಗಳನ್ನು ಅಕ್ಷರಶಃ ನಂಬಬಾರದು. ಮುಂದೆ ಹೊಯ್ಸಳ ವಿಷ್ಣುವರ್ಧನನೂ ನೊಳಂಬವಾಡಿಗೊಂಡನಾದ. ನಿಡುಗಲ್ಲಿನ ಚೋಳರು ಹೆಂಜೇರಿನಿಂದ ಆಳಿದರು. ಅರಸುಗಳು ಹೋದ ಮೇಲೆಯೂ ಹೆಸರು ಉಳಿಯಿತು: ನೊಣಬರೆಂಬ ಒಕ್ಕಲು ಸಮುದಾಯದ ಹೆಸರು ನೊಳಂಬವೆಂಬ ಮಾತಿನ ಸವೆದ ರೂಪ.

ಹೇಮಾವತಿಗೆ ಬಂದವರು ಸಿದ್ದೇಶ್ವರನಿಗೆ ಕಾಯಿ ಒಡೆಸಿ ಹಿಂತಿರುಗುವುದೇ ಹೆಚ್ಚು. ಹತ್ತು ಹೆಜ್ಜೆ ನಡೆದು ದೊಡ್ಡೇಶ್ವರನ ಗುಡಿಯನ್ನು ನಿಧಾನವಾಗಿ ನೋಡುವವರು ಕಡಿಮೆ. ದೂರದಿಂದ ಕಣ್ಣು ಸೆಳೆಯುವ ರಾಯಗೋಪುರ ಅಲ್ಲಿಲ್ಲ. ಗರ್ಭಗುಡಿ, ಅಂತರಾಳ, ಕಂಬಗಳ ಮಂಟಪ, ಮುಂದೆ ನಂದಿ, ಇಷ್ಟೇ. ಆದರೆ ಹೊಸ್ತಿಲು ದಾಟಿ ಕಣ್ಣು ಕತ್ತಲೆಗೆ ಹೊಂದಿಕೊಳ್ಳುವವರೆಗೆ ನಿಲ್ಲುವ ತಾಳ್ಮೆಯಿದ್ದರೆ ಆ ಗುಡಿ ತಾನಾಗಿ ತೆರೆದುಕೊಳ್ಳುತ್ತದೆ.

ಮೊದಲು ಕಲ್ಲು. ನಮ್ಮ ಸೀಮೆಯ ಬೆಟ್ಟಗಳದು ಒರಟು ಬಿಳಿಗಲ್ಲು. ಲೇಪಾಕ್ಷಿಯ ಕೆಲಸವೆಲ್ಲ ಆ ಜಾತಿಯ ಕಲ್ಲಿನಲ್ಲಿ ನಡೆದದ್ದು. ನೊಳಂಬರ ಶಿಲ್ಪಿಗಳು ಆಯ್ದುಕೊಂಡದ್ದು ನುಣುಪಾಗುವ ಕರಿಕಲ್ಲನ್ನು. ಉಳಿ ಅದರ ಮೇಲೆ ಬೇಗ ಓಡುವುದಿಲ್ಲ, ಆದರೆ ಓಡಿದ ಗೆರೆ ಸವೆಯುವುದಿಲ್ಲ. ಕಂಬಗಳ ಬುಡದ ಚೌಕಗಳಲ್ಲಿ ತೆಳುವಾದ ಉಬ್ಬುಕೆತ್ತನೆ: ಬಳ್ಳಿ, ಮಾಲೆ, ಕುಣಿಯುವ ಸಣ್ಣ ಆಕೃತಿಗಳು. ಹೊಯ್ಸಳರ ಗುಡಿಗಳಲ್ಲಿ ಶಿಲ್ಪವು ಗೋಡೆಯಿಂದ ಹೊರಗೆ ಜಿಗಿಯುತ್ತದೆ. ಇಲ್ಲಿ ಅದು ಕಲ್ಲಿನೊಳಗೇ ಉಸಿರಾಡುತ್ತದೆ. ಅಕ್ಕಸಾಲಿಗನು ತಗಡಿನ ಮೇಲೆ ಮಾಡುವ ಕೆಲಸವನ್ನು ಕಲ್ಲುಕುಟಿಗನು ಕರಿಕಲ್ಲಿನ ಮೇಲೆ ಮಾಡಿದ್ದಾನೆಂದರೆ ಓದುಗರಿಗೆ ಚಿತ್ರ ಸಿಕ್ಕೀತು. ನಂದಿಯ ಕೊರಳಿನ ಸರಗಳನ್ನು ಕುರುಡನೂ ಬೆರಳಿನಿಂದ ಎಣಿಸಬಹುದು.

ಬಳಿಕ ಜಾಲಂಧ್ರಗಳು. ಮಂಟಪಕ್ಕೆ ಗಾಳಿ ಬೆಳಕು ಬರಲೆಂದು ಕಲ್ಲಿನ ಹಲಗೆಯನ್ನು ತೂತು ಕೊರೆದು ಮಾಡಿದ ಕಿಟಕಿಗಳಿಗೆ ಈ ಹೆಸರು. ಬೇರೆ ಕಡೆಗಳಲ್ಲಿ ಸಾಲು ತೂತುಗಳೋ ನಕ್ಷತ್ರಗಳೋ ಇರುತ್ತವೆ. ಇಲ್ಲಿ ಹಲಗೆಯ ತುಂಬ ಬಳ್ಳಿಯ ಸುರುಳಿ, ಸುರುಳಿಗಳ ನಡುವೆ ದೇವತೆಗಳ ಆಕೃತಿ, ಅವುಗಳ ಸಂದಿನಿಂದ ಬೆಳಕು. ಹೊರಗಿನಿಂದ ನೋಡಿದರೆ ಕೆತ್ತನೆ ಕಾಣುತ್ತದೆ. ಒಳಗಿನಿಂದ ನೋಡಿದಾಗ ಕೆತ್ತನೆ ಕಪ್ಪಾಗಿ ಬೆಳಕೇ ಚಿತ್ರವಾಗುತ್ತದೆ. ಹಿಂಬದಿಯಿಂದ ಹೇಗೆ ಕಾಣುವುದೆಂದು ಮೊದಲೇ ಲೆಕ್ಕ ಹಾಕದ ಶಿಲ್ಪಿಗೆ ಇದು ಸಾಧ್ಯವಿಲ್ಲ. ದಕ್ಷಿಣ ಭಾರತದಲ್ಲಿ ಇದಕ್ಕಿಂತ ಚೆಲುವಾದ ಕಲ್ಲಿನ ಕಿಟಕಿಯನ್ನು ನಾನು ಕಂಡಿಲ್ಲ. ಇದು ಊರಿನ ಅಭಿಮಾನವೆಂದು ಯಾರಾದರೂ ನಕ್ಕರೆ ಒಮ್ಮೆ ಅಲ್ಲಿ ನಿಂತು ನೋಡಿ ಬರಲಿ. ನೊಳಂಬರ ಕೈಗೆಲಸದ ಇನ್ನೊಂದು ಮಾದರಿ ಬೇಕೆನ್ನುವವರು ತಿಪಟೂರು ತಾಲ್ಲೂಕಿನ ಅರಳಗುಪ್ಪೆಗೆ ಹೋಗಬಹುದು. ಅಲ್ಲಿನ ಕಲ್ಲೇಶ್ವರ ಗುಡಿಯ ಭುವನೇಶ್ವರಿಯಲ್ಲಿ ನಡುವೆ ಕುಣಿಯುವ ಶಿವ, ಸುತ್ತ ಅಷ್ಟದಿಕ್ಪಾಲಕರು ಇದ್ದಾರೆ.

ಹೆಂಜೇರಿನಲ್ಲಿ ಇದ್ದದ್ದೆಲ್ಲ ಹೆಂಜೇರಿನಲ್ಲಿ ಉಳಿಯಲಿಲ್ಲ. ಕೆಲವು ವರ್ಷಗಳ ಹಿಂದೆ ತ್ಯಾಗರಾಜರ ಆರಾಧನೆಗೆಂದು ತಿರುವೈಯಾರಿಗೆ ಹೋದಾಗ ಬಿಡುವಿನ ವೇಳೆಯಲ್ಲಿ ಪಂಚನದೀಶ್ವರ ದೇವಾಲಯವನ್ನು ಸುತ್ತಿದೆ. ಆವರಣದೊಳಗಿನ ದಕ್ಷಿಣ ಕೈಲಾಸವೆಂಬ ಗುಡಿಯ ಸುತ್ತಿನ ಮಂಟಪದಲ್ಲಿ ಕಂಬಗಳ ಸಾಲು. ಚೋಳರ ಸರಳ ಕಂಬಗಳ ನಾಡಿನಲ್ಲಿ ಇವು ಬೇರೆ ಮನೆಯ ಮಕ್ಕಳಂತೆ ನಿಂತಿದ್ದವು: ಅದೇ ಚೌಕ ಬುಡ, ಅದೇ ತೆಳು ಉಬ್ಬು, ಅದೇ ಮಾಲೆ. ನೊಳಂಬವಾಡಿಯನ್ನು ಗೆದ್ದ ಚೋಳರು ವಿಜಯದ ಗುರುತಾಗಿ ಸಾಗಿಸಿದ ಕಂಬಗಳಿವು ಎಂದು ಕಲಾ ಇತಿಹಾಸಕಾರರು ಗುರುತಿಸಿದ್ದಾರೆ. ಗಾಡಿಯ ಮೇಲೆ ಕಲ್ಲಿನ ಕಂಬಗಳನ್ನು ಹೇರಿಕೊಂಡು ಘಟ್ಟ ಇಳಿದು ಕಾವೇರಿಯ ಬಯಲಿಗೆ ಒಯ್ದರೆಂದರೆ ಅವುಗಳ ಚೆಲುವನ್ನು ಶತ್ರುವೂ ಒಪ್ಪಿದ್ದನೆಂದಾಯಿತು. ಪಕ್ಕದಲ್ಲಿದ್ದ ತಮಿಳು ಯಾತ್ರಿಕರೊಬ್ಬರು, ಇಷ್ಟು ಹೊತ್ತು ಏನು ನೋಡುತ್ತಿದ್ದೀರಿ ಎಂದು ಕೇಳಿದರು. ನಮ್ಮೂರಿನವು ಎಂದೆ. ಅವರು ನನ್ನನ್ನೊಮ್ಮೆ, ಕಂಬವನ್ನೊಮ್ಮೆ ನೋಡಿ ತಲೆಯಾಡಿಸಿದರು.

ಇನ್ನಷ್ಟು ಶಿಲ್ಪಗಳು ಬ್ರಿಟಿಷರ ಕಾಲದ ಮದ್ರಾಸ್ ಪ್ರಾಂತ್ಯದ ದಾರಿಯಲ್ಲಿ ಚೆನ್ನೈನ ಎಗ್ಮೋರ್ ವಸ್ತುಸಂಗ್ರಹಾಲಯ ಸೇರಿದವು. ಸಿ. ಶಿವರಾಮಮೂರ್ತಿಯವರು 1964ರಲ್ಲಿ ಅವುಗಳ ಮೇಲೆ ಪ್ರತ್ಯೇಕ ಪುಸ್ತಕವನ್ನೇ ಬರೆದರು. ಅದಕ್ಕೂ ಮೊದಲು, 1958ರಲ್ಲಿ, ಬ್ರಿಟಿಷ್ ಮ್ಯೂಸಿಯಮ್ಮಿನ ಡಗ್ಲಸ್ ಬ್ಯಾರೆಟ್ ಅವರ 'ಹೇಮಾವತಿ' ಎಂಬ ಪುಸ್ತಕ ಬಂದಿತ್ತು. ಶಾಸನಗಳ ಗತಿಯೂ ವಿಚಿತ್ರವೇ. ಊರು ಅನಂತಪುರ ಜಿಲ್ಲೆಯದಾದರೂ ಬಿ.ಎಲ್. ರೈಸ್ ಅವರು ಅದರ ಕಂಬಶಾಸನವನ್ನು ತುಮಕೂರು ಜಿಲ್ಲೆಯ ಸಂಪುಟದಲ್ಲಿ ಶಿರಾ ತಾಲ್ಲೂಕಿನ ಶಾಸನಗಳ ಸಾಲಿಗೆ ಸೇರಿಸಿದರು. ಹೀಗೆ ಕಂಬಗಳು ಕಾವೇರಿಯ ದಡದಲ್ಲಿ, ಮೂರ್ತಿಗಳು ಎಗ್ಮೋರಿನಲ್ಲಿ, ಅಕ್ಷರಗಳು ತುಮಕೂರಿನ ಸಂಪುಟದಲ್ಲಿ, ಊರು ಆಂಧ್ರದಲ್ಲಿ. ಜಾಗ ಬಿಟ್ಟು ಕದಲದವನು ಹೆಂಜೇರಪ್ಪನೊಬ್ಬನೇ. ಮುಖ ನೋಡಿ ಮಾತಾಡುವ ಜನ ನಿತ್ಯ ಎದುರಿಗಿರುವ ದೇವರನ್ನು ಎತ್ತಿಕೊಂಡು ಹೋಗುವುದು ಸುಲಭವಲ್ಲವೇನೋ.

ಹಿಂದೂಪುರದವರಿಗೆ ಗುಡಿಯೆಂದರೆ ಮೊದಲು ನೆನಪಾಗುವುದು ಲೇಪಾಕ್ಷಿ. ಹದಿನೈದು ಕಿಲೋಮೀಟರು, ನೆಂಟರು ಬಂದರೆ ಮಧ್ಯಾಹ್ನದ ಊಟ ಮುಗಿಸಿ ಕರೆದೊಯ್ದು ಸಂಜೆಗೆ ಮರಳಬಹುದು. ಅಚ್ಯುತದೇವರಾಯನ ಕಾಲದಲ್ಲಿ ಪೆನುಕೊಂಡೆಯ ಅಧಿಕಾರಿಗಳಾಗಿದ್ದ ವಿರೂಪಣ್ಣ, ವೀರಣ್ಣ ಸೋದರರು 1530ರ ದಶಕದಲ್ಲಿ ಕಟ್ಟಿಸಿದ ವೀರಭದ್ರನ ಗುಡಿ ಅದು. ದೊಡ್ಡ ನಂದಿ, ಏಳು ಹೆಡೆಯ ನಾಗಲಿಂಗ, ಮುಗಿಯದೆ ನಿಂತ ಕಲ್ಯಾಣಮಂಟಪ, ಚಾವಣಿಯ ಚಿತ್ರಗಳು, ಇವುಗಳ ವರ್ಣನೆ ಎಲ್ಲೆಡೆ ಸಿಗುವುದರಿಂದ ನಾನು ಬರೆಯುವ ಅಗತ್ಯವಿಲ್ಲ. ಬಂದವರೆಲ್ಲ ತೂಗುಕಂಬದ ಅಡಿಯಲ್ಲಿ ಟವಲು ತೂರಿಸಿ ಎಳೆಯುತ್ತಾರೆ, ಪಟ ತೆಗೆಸಿಕೊಳ್ಳುತ್ತಾರೆ. ಅದೇ ಗುಡಿಯ ಪ್ರಾಕಾರದ ಗೋಡೆಗಳ ಮೇಲೆ ಗುಡಿಗೆ ಬಿಟ್ಟ ದತ್ತಿಗಳನ್ನು ದಾಖಲಿಸಿದ ಶಾಸನಗಳಿವೆ. ಅವು ಕನ್ನಡದವು. ಟವಲು ಎಳೆಯುವವರು ಅವುಗಳಿಗೆ ಬೆನ್ನು ಮಾಡಿ ನಿಂತಿರುತ್ತಾರೆ.

ಕಳೆದ ಬಾರಿ ಮೊಮ್ಮಗಳೊಡನೆ ಹೋಗಿದ್ದೆ. ತೆಲುಗು ಮಾಧ್ಯಮದಲ್ಲಿ ಓದುವ ಹುಡುಗಿ. ಮನೆಯಲ್ಲಿ ಕನ್ನಡ ಮಾತು, ಕೈಯಲ್ಲಿ ತೆಲುಗು ಬರಹ. ನಮ್ಮ ಸಂಘದ ಎಷ್ಟೋ ಮನೆಗಳ ಮಕ್ಕಳಂತೆ. ಶಾಸನದ ಮುಂದೆ ನಿಲ್ಲಿಸಿ, ಓದು ನೋಡೋಣವೆಂದೆ. ಐದು ನೂರು ವರ್ಷಗಳ ಹಿಂದೆ ಎರಡು ಲಿಪಿಗಳೂ ಇಂದಿಗಿಂತ ಹೆಚ್ಚು ಹತ್ತಿರದವು. ಆದ್ದರಿಂದ ಅವಳಿಗೆ ಶ್ರೀಕಾರ ಸಿಕ್ಕಿತು, ಅಲ್ಲೊಂದು ರಕಾರ, ಇಲ್ಲೊಂದು ವಕಾರ ಸಿಕ್ಕಿದವು. "ತಾತ, ಇದು ತೆಲುಗಾ, ಕನ್ನಡನಾ?" ಎಂದಳು. ಅಕ್ಷರವನ್ನು ಇಬ್ಬರೂ ಹಂಚಿಕೊಂಡಿದ್ದರು, ಮಾತು ಕನ್ನಡ ಎಂದೆ. ಮಾತನ್ನು ಹೇಗೆ ಕಂಡುಹಿಡಿದೆ ಎಂಬುದು ಅವಳ ಮುಂದಿನ ಪ್ರಶ್ನೆ. ಅದಕ್ಕೆ ಉತ್ತರಿಸಲು ಅರ್ಧ ಗಂಟೆ ಬೇಕಾಯಿತು. ಅಲ್ಲಿ ಓದಿಕೊಳ್ಳಲು ಕೈಗೆ ಕೊಡಬಹುದಾದ ಒಂದು ಹಾಳೆಯೂ ನನ್ನ ಬಳಿ ಇರಲಿಲ್ಲ.

ಆ ಹಾಳೆಯ ಮಾತು ಬಂದದ್ದರಿಂದ ದೂರದ ಒಂದು ಸಂಗತಿಯನ್ನು ಹೇಳುತ್ತೇನೆ. ಮಗಳು ಅಳಿಯಂದಿರು ಇಂಗ್ಲೆಂಡಿನಲ್ಲಿದ್ದಾರೆ. ಅವರ ಊರಿನ ಪಕ್ಕದ ಹಳ್ಳಿಯಲ್ಲಿ ಮಧ್ಯಯುಗದ ಚರ್ಚು. ನಮ್ಮ ಗುಡಿಗೆ ಗರ್ಭಗುಡಿ, ಮಂಟಪಗಳಿರುವಂತೆ ಅದಕ್ಕೂ ಪೂರ್ವಕ್ಕೆ ಪೂಜಾಸ್ಥಾನ, ಪಶ್ಚಿಮಕ್ಕೆ ಜನ ಕುಳಿತುಕೊಳ್ಳುವ ಉದ್ದ ಸಭಾಂಗಣ, ಗಂಟೆಗೆ ಗೋಪುರ, ಬಾಗಿಲ ಬಳಿ ಮಕ್ಕಳ ದೀಕ್ಷಾಸ್ನಾನದ ಕಲ್ಲಿನ ಬಾನಿ. ಒಂದೊಂದು ಭಾಗ ಒಂದೊಂದು ಶತಮಾನದ್ದು; ಊರಿನ ಉಣ್ಣೆಯ ವ್ಯಾಪಾರ ಏರಿದಾಗ ಗೋಡೆ ಎತ್ತರಿಸಿದ್ದಾರೆ, ಹಣ ಬತ್ತಿದಾಗ ಹಾಗೆಯೇ ಬಿಟ್ಟಿದ್ದಾರೆ. ಲೇಪಾಕ್ಷಿಯ ಕಲ್ಯಾಣಮಂಟಪ ನೆನಪಾಯಿತು. ಒಳಗೋಡೆಯ ಹಳೆಯ ಚಿತ್ರಗಳನ್ನು ಹದಿನಾರನೆಯ ಶತಮಾನದ ಮತಸುಧಾರಣೆಯ ಕಾಲದಲ್ಲಿ ಸುಣ್ಣ ಬಳಿದು ಮುಚ್ಚಿದ್ದರಂತೆ. ಆ ಸುಣ್ಣವೇ ಅವುಗಳನ್ನು ಕಾಪಾಡಿತೆಂದು ಅಲ್ಲಿನ ವೃದ್ಧೆಯೊಬ್ಬರು ನಗುತ್ತ ಹೇಳಿದರು. ನಮ್ಮಲ್ಲಿ ಕಂಬಗಳಿಗೆ ಬಳಿಯುವ ಎಣ್ಣೆಬಣ್ಣಕ್ಕೆ ಆ ಗುಣವಿಲ್ಲ.

ನನ್ನ ಮನಸ್ಸಿನಲ್ಲಿ ನಿಂತದ್ದು ಕಟ್ಟಡಕ್ಕಿಂತ ಹೆಚ್ಚಾಗಿ ಎರಡು ಕಾಗದದ ಸಂಗತಿಗಳು. 1538ರಲ್ಲಿ ಪ್ರತಿಯೊಂದು ಚರ್ಚಿನ ವ್ಯಾಪ್ತಿಯಲ್ಲಿಯೂ ದೀಕ್ಷಾಸ್ನಾನ, ಮದುವೆ, ಮಣ್ಣುಗಳನ್ನು ಪುಸ್ತಕದಲ್ಲಿ ಬರೆದಿಡಬೇಕೆಂದು ಆಜ್ಞೆಯಾಯಿತು. ಅಂದರೆ ವಿರೂಪಣ್ಣನು ಲೇಪಾಕ್ಷಿಯಲ್ಲಿ ಕಲ್ಲು ನಿಲ್ಲಿಸುತ್ತಿದ್ದ ದಶಕದಲ್ಲಿಯೇ ಅಲ್ಲಿ ಕುರಿಗಾಹಿಯ ಮಗುವಿನ ಹೆಸರೂ ದಾಖಲೆಯಾಗತೊಡಗಿತು. ಎರಡನೆಯದು, ಬಾಗಿಲ ಬಳಿಯ ಮೇಜಿನ ಮೇಲಿದ್ದ ಸಣ್ಣ ಪುಸ್ತಿಕೆ. ಊರಿನವರೇ ಬರೆದದ್ದು. ಯಾವ ಗೋಡೆ ಯಾವ ಕಾಲದ್ದು, ಯಾವ ಕಿಟಕಿಯ ಗಾಜು ಒಡೆದು ಮತ್ತೆ ಹಾಕಿದ್ದು, ಯಾವ ಸಮಾಧಿ ಯಾರದು. ಪಕ್ಕದ ಡಬ್ಬಿಗೆ ಕಾಸು ಹಾಕಿ ತೆಗೆದುಕೊಳ್ಳಬೇಕು, ಕಾಯುವವರಿಲ್ಲ. ಆ ದೇಶದಲ್ಲಿ ನಿಕೊಲಾಸ್ ಪೆವ್ಸ್‌ನರ್ ಎಂಬ ವಿದ್ವಾಂಸರು 1951ರಿಂದ 1974ರವರೆಗೆ ಜಿಲ್ಲೆ ಜಿಲ್ಲೆ ಸುತ್ತಿ 46 ಸಂಪುಟಗಳಲ್ಲಿ ಕಟ್ಟಡಗಳನ್ನು ವರ್ಣಿಸಿದರು. ಹಳ್ಳಿಯ ಚರ್ಚುಗಳೂ ಅದರಲ್ಲಿವೆ. ಹಾಗಿದ್ದೂ ಊರಿನವರು ತಮ್ಮ ಪುಸ್ತಿಕೆಯನ್ನು ತಾವೇ ಬರೆದುಕೊಳ್ಳುತ್ತಾರೆ.

ನಮ್ಮ ಸಂಘವೂ ಹೆಂಜೇರಿಗೆ ಅಂಥದೊಂದು ಪುಸ್ತಿಕೆಯನ್ನು ತರಬೇಕೆಂಬುದು ನನ್ನ ಬಿನ್ನಹ. ವಿದ್ವತ್ತಿನ ಕೊರತೆಯಿಲ್ಲ: ಮೈಸೂರಿನ ಎಂ.ಎಸ್. ಕೃಷ್ಣಮೂರ್ತಿಯವರ ನೊಳಂಬರ ಕುರಿತ ಗ್ರಂಥ 1980ರಲ್ಲಿ ಬಂದಿದೆ, ಆ್ಯಂಡ್ರೂ ಕೋಹೆನ್ ಅವರ ನೊಳಂಬ ವಾಸ್ತುಶಿಲ್ಪದ ಅಧ್ಯಯನ 1998ರಲ್ಲಿ. ಇವೆರಡೂ ಇಂಗ್ಲಿಷಿನಲ್ಲಿವೆ, ದಪ್ಪವಾಗಿವೆ, ಜಾತ್ರೆಗೆ ಬಂದ ರೈತನ ಕೈಗೆ ಕೊಡುವಂಥವಲ್ಲ. ನಮಗೆ ಬೇಕಾದದ್ದು ಹದಿನಾರು ಪುಟ. ಎಡಪುಟದಲ್ಲಿ ಕನ್ನಡ, ಬಲಪುಟದಲ್ಲಿ ತೆಲುಗು. ಅಮರಾಪುರ, ರೊಳ್ಳ, ಅಗಳಿಯ ಕಡೆಯ ಕನ್ನಡ ಶಾಲೆಗಳಲ್ಲಿ ಓದುವ ಮಗುವಿಗೂ ಹಿಂದೂಪುರದ ತೆಲುಗು ಶಾಲೆಯ ನನ್ನ ಮೊಮ್ಮಗಳಿಗೂ ಅದೇ ಪುಸ್ತಕ ಸಲ್ಲಬೇಕು. ತೆಲುಗು ಏಕೆಂದು ಸಂಘದ ಕಾರ್ಯಕಾರಿ ಸಭೆಯಲ್ಲಿ ಹಿರಿಯರೊಬ್ಬರು ಕೇಳಿದ್ದುಂಟು. ಹೆಂಜೇರಪ್ಪನ ಸಾಲಿನಲ್ಲಿ ನಿಲ್ಲುವವರು ಎರಡೂ ಭಾಷೆಯವರು, ನಮ್ಮ ಮಕ್ಕಳು ಆ ಎರಡೂ ಸಾಲಿನಲ್ಲಿದ್ದಾರೆ ಎಂದೆ. ಅವರು ಒಪ್ಪಿದರೋ ಇಲ್ಲವೋ, ಮರುಮಾತಾಡಲಿಲ್ಲ.

ಪುಸ್ತಿಕೆಯಲ್ಲಿ ವಂಶಾವಳಿಗೆ ಒಂದೇ ಪುಟ ಸಾಕು. ಅರಸರ ಹೆಸರಿನ ಪಟ್ಟಿ ಹೆಚ್ಚಾದಷ್ಟೂ ಓದುವವರು ಕಡಿಮೆಯಾಗುತ್ತಾರೆ. ಕಂಬಶಾಸನದ ಕೆಲವು ಸಾಲುಗಳ ಅಚ್ಚು, ಅದರ ಪಕ್ಕದಲ್ಲಿ ಇಂದಿನ ಕನ್ನಡ ಅಕ್ಷರ, ಕೆಳಗೆ ಅರ್ಥ, ಇದಕ್ಕೆ ಎರಡು ಪುಟ. ಶಕಟರೇಫಕ್ಕೆ, ರಳಕ್ಕೆ ಚೌಕದೊಳಗೆ ದೊಡ್ಡ ಅಕ್ಷರದಲ್ಲಿ ವಿವರಣೆ ಬೇಕು. ಮಕ್ಕಳು ಬೆರಳಿಟ್ಟು ತಿದ್ದುವಂತಿರಲಿ. ತಿರುವೈಯಾರಿನ ಕಂಬದ ಚಿತ್ರವನ್ನೂ ಹೆಂಜೇರಿನ ಕಂಬದ ಚಿತ್ರವನ್ನೂ ಅಕ್ಕಪಕ್ಕ ಹಾಕಬೇಕು, ಅಡಿಯಲ್ಲಿ ಊರಿನ ಹೆಸರಿನ ಹೊರತು ಒಂದಕ್ಷರವೂ ಬೇಡ. ಹಿರಿಯರು ಹೇಳುವ ಸಿದ್ದಪ್ಪನ ಕಥೆಗಳಿಗೆ ನಾಲ್ಕು ಪುಟ ಮೀಸಲಿಡೋಣ. ಕಥೆ ಬೇರೆ, ಚರಿತ್ರೆ ಬೇರೆಯೆಂದು ಅಲ್ಲಿ ಸ್ಪಷ್ಟವಾಗಿ ಬರೆದರಾಯಿತು, ಯಾರಿಗೂ ಅವಮಾನವಾಗುವುದಿಲ್ಲ. ಕಥೆ ಬರೆದುಕೊಳ್ಳುವ ಕೆಲಸಕ್ಕೆ ಮಾತ್ರ ತಡಮಾಡುವಂತಿಲ್ಲ. ನನ್ನ ತಾಯಿಯ ವಾರಿಗೆಯವರಲ್ಲಿ ಅವನ್ನು ಪೂರ್ತಿಯಾಗಿ ಹೇಳಬಲ್ಲವರು ಈಗ ಇಬ್ಬರೇ ಉಳಿದಿದ್ದಾರೆ; ಒಬ್ಬರಿಗೆ ಕಿವಿ ಕೇಳಿಸುವುದಿಲ್ಲ.

ಚಿತ್ರ ತೆಗೆಯಬಲ್ಲ ಯುವಕರು ಸಂಘದಲ್ಲಿದ್ದಾರೆ. ಅವರಿಗೊಂದು ಸೂಚನೆ. ಜಾಲಂಧ್ರಗಳನ್ನು ಹೊರಗಿನಿಂದ ಒಮ್ಮೆ, ಒಳಗಿನಿಂದ ಒಮ್ಮೆ ತೆಗೆಯಬೇಕು. ಒಳಗಿನ ಚಿತ್ರಕ್ಕೆ ದೀಪ ಹಾಕಬಾರದು. ಬಿಸಿಲು ಕಿಟಕಿಗೆ ನೇರವಾಗಿ ತಾಗುವ ವೇಳೆ ನೋಡಿಕೊಂಡು, ನೆಲದ ಮೇಲೆ ಕುಳಿತು ತೆಗೆದರೆ ಬಳ್ಳಿಯೂ ಬೆಳಕೂ ಎರಡೂ ಬರುತ್ತವೆ. ಶಿವರಾತ್ರಿಯ ಹಿಂದಿನ ವಾರ ಹೋಗುವುದು ಒಳ್ಳೆಯದು. ಜಾತ್ರೆಗೆ ಚಪ್ಪರ ಹಾಕಿದ ಮೇಲೆ ಆ ಬಿಸಿಲು ಒಳಗೆ ಬಾರದು.